ಮಾರಿದವರ ಪಾಪ ಎಷ್ಟು, ತರಿಸಿದವರ ಪಾಪ ಎಷ್ಟು?

ನಾನು ಏಳನೇ ಇಯತ್ತೆ ಕಲಿತವ. ಹಗಲು ಹೊಲ, ರಾತ್ರಿ ಭಜನಿ ಪದ, ಇಷ್ಟೇ ನನ್ನ ಬದುಕು. ಪದಕ್ಕ ತಾಳ ಇರ್ತದ. ತಾಳ ತಪ್ಪಿದ್ರ ಬಾಜೂಕ ಕೂತವರು ಕಣ್ಣು ಬಿಡ್ತಾರ, ತಿದ್ದಿಕೋತೀವಿ. ಬರವಣಿಗೆಗೆ ಅಂಥ ತಾಳ ಇಲ್ಲ. ತಪ್ಪಿದಲ್ಲಿ ನೀವೇ ತಿದ್ದಿಕೊಂಡು ಓದಬೇಕು.

ಒಂದು ಸಂಜೆ ಇದೇ ವಾಚನಾಲಯದಲ್ಲಿ ಮಾಸ್ತರು ಪೇಪರ ಓದಿ ಹೇಳುತ್ತಿದ್ದರು. ಅದರಾಗ ಇ-ಸಿಗರೇಟಿನ ಸುದ್ದಿ ಬಂತು. ನಮ್ಮಲ್ಲಿ ಅದನ್ನ ಕಂಡವರು ಯಾರೂ ಇರಲಿಲ್ಲ. ಮಾಸ್ತರು ತಿಳಿಸಿ ಹೇಳಿದರು: ಪೆನ್ನಿನಂಥ ಒಂದು ನಳಿಗೆ, ಒಳಗ ಬ್ಯಾಟರಿ, ಅದರ ಜೋಡಿ ನಿಕೋಟಿನ್ ಬೆರೆಸಿದ ದ್ರವ. ನಿಕೋಟಿನ್ ಅಂದ್ರ ತಂಬಾಕದಾಗ ಇರುವ, ಚಟ ಹಚ್ಚುವ ಸತ್ವ. ಬ್ಯಾಟರಿಯಿಂದ ಕಾಯ್ದು ಆ ದ್ರವ ಉಗಿ ಆಗ್ತದ, ಅದನ್ನ ಸೇದತಾರ. 2003ರ ಹೊತ್ತಿಗೆ ಚೀನಾ ದೇಶದ ಹೋನ್ ಲಿಕ್ ಎಂಬ ಔಷಧ ತಜ್ಞ ಇದನ್ನ ಈಗಿನ ರೂಪಕ್ಕ ತಂದನಂತ. ತಾನೇ ಸಿಗರೇಟ ಸೇದುವವ, ಅದನ್ನ ಬಿಡಲಾಕ ದಾರಿ ಹುಡುಕತಿದ್ದ. ಬಿಡಲಾಕ ಅಂತ ಮಾಡಿದ್ದನ್ನ ಹೊಸ ಹುಡುಗರು ಹಿಡೀಲಾಕ ಸುರು ಮಾಡಿದರು.

ಕರ್ನಾಟಕದವರು 2016ರಲ್ಲೇ ಅದನ್ನ ಬಂದ್ ಮಾಡಿದರು. ಇಡೀ ದೇಶದಾಗ ಬಂದ್ ಆದದ್ದು 2019ರಲ್ಲಿ. ಸೆಪ್ಟೆಂಬರದಾಗ ಸುಗ್ರೀವಾಜ್ಞೆ ಬಂತು, ಡಿಸೆಂಬರದಾಗ ಅದೇ ಕಾಯ್ದೆ ಆಯಿತು. ಮಾಡಬಾರದು, ತರಬಾರದು, ಮಾರಬಾರದು, ಜಾಹೀರಾತು ಹಾಕಬಾರದು. ಮೊದಲ ಸಲ ಸಿಕ್ಕರ ಒಂದು ವರ್ಷದ ತನಕ ಜೇಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಮತ್ತ ಸಿಕ್ಕರ ಮೂರು ವರ್ಷದ ತನಕ ಜೇಲು, ಐದು ಲಕ್ಷದ ತನಕ ದಂಡ. ಆದರ ಸೇದಿದ್ದಕ್ಕ ಅಂತ ಬೇರೆ ಶಿಕ್ಷೆ ಆ ಕಾಯ್ದೆಯಾಗ ಬರೆದಿಲ್ಲ. ಹಿಡೀಬೇಕಾದ್ದು ಮಾರುವವನನ್ನ.

ಅದನ್ನ ಮಾರಿ ಹೊಟ್ಟಿ ಹೊರೀತಿದ್ದ ದೊಡ್ಡ ಶಹರದ ಅಂಗಡಿಯವರು ಆಗ ಸರಕಾರಕ್ಕ ಕೇಳಿದ ಮಾತೂ ಮಾಸ್ತರು ಹೇಳಿದರು. "ಮೂಲಿಮೂಲಿಗೆ ಸಿಗರೇಟು ಮಾರಲಾಕ ಬಿಟ್ಟೀರಿ. ಅದರಿಂದ ಮಂದಿ ಸಾಯತಾರ ಅಂತ ಡಬ್ಬಿ ಮ್ಯಾಲ ನೀವೇ ಚಿತ್ರ ಹಾಕಸೀರಿ. ನಮ್ಮದು ಅದಕ್ಕಿಂತ ಕಡಿಮಿ ಕೆಟ್ಟದ್ದು. ವಯಸ್ಸಿನ ಕಟ್ಟು ಹಾಕ್ರಿ, ಲೈಸೆನ್ಸ ಕೊಡ್ರಿ, ತೆರಿಗಿ ತೊಗೊಳ್ರಿ. ಪೂರಾ ಬಂದ್ ಯಾಕ?" ಇಂಗ್ಲೆಂಡದಾಗ 18 ದಾಟಿದವರಿಗೆ ಮಾರಲಾಕ ಪರವಾನಗಿ ಅದ, ಸಿಗರೇಟು ಬಿಡಬೇಕು ಅನ್ನುವವರಿಗೆ ಅಲ್ಲಿನ ಸರಕಾರಿ ದವಾಖಾನಿಯವರೇ ಇದನ್ನ ಹೇಳತಾರ ಅಂತ ಅವರ ವಾದ. ನಮ್ಮ ಸರಕಾರದ ಉತ್ತರ ಬೇರೆ ಇತ್ತು: ಹಣ್ಣಿನ ವಾಸನಿ, ಮಿಠಾಯಿ ವಾಸನಿ ಹಾಕಿ ಇದನ್ನ ಸಾಲಿ ಪೋರರ ಕೈಗೆ ಕೊಡತಾರ, ಒಂದು ಚಟ ಇದ್ದದ್ದೇ ಸಾಕು, ಎರಡನೇದು ಬ್ಯಾಡ.

ಮೂಲಿಯಾಗ ನಮ್ಮ ಅಕ್ಕನ ಮಗ ಕೂತಿದ್ದ. ಅವನದು ಫಾಟಾದ ಹತ್ರ ಒಂದು ಪಾನಪಟ್ಟಿ ಟಪರಿ. ಅವ ಎದ್ದು ನಿಂತು, "ಮಾಸ್ತರ, ಆ ಶಹರದವರು ಅಂದದ್ದು ನನ್ನ ಮಾತೇ ಅದ. ಇ-ಸಿಗರೇಟು ಅನ್ನೋ ಜಾಗಾದಾಗ ಗುಟ್ಕಾ ಅಂತ ಹಾಕ್ರಿ, ಮುಗೀತು" ಅಂದ. ಎಲ್ಲಾರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕ ಅಂತ ಮುಂದ ಹೇಳತೀನಿ.

ಮರುದಿನ ಅವನ ಟಪರಿಗೆ ಹೋಗಿ ಕೂತೆ. ಹುಷಾರಾಗಿ ಕೇಳಿದೆ, "ನೀ ಏನ್ ಅಂತಿ, ಪೂರಾ ಹೇಳು. ನಡುವ ನಾ ಬಾಯಿ ಹಾಕೂದಿಲ್ಲ." ಅವ ಎಲಿಗೆ ಸುಣ್ಣ ಹಚ್ಚಿಕೋತ ಹೇಳಿದ.

"ಮಾಮಾ, 2012ರ ಜುಲೈ 20ಕ್ಕ ಮಹಾರಾಷ್ಟ್ರದಾಗ ಗುಟ್ಕಾ, ಪಾನ ಮಸಾಲಾ ಬಂದ್ ಅಂದ್ರು. ಮುಂದಿನ ವರ್ಷ ಮಾವಾ, ಖರ್ರಾ, ವಾಸನಿ ತಂಬಾಕೂ ಅದರಾಗ ಹಾಕಿದ್ರು. ಒಂದು ವರ್ಷದ ಆದೇಶ ಅದು, ವರ್ಷ ವರ್ಷ ಹೊಸಾದು ಹೊರಡಸತಾರ. ಕರ್ನಾಟಕದಾಗ ಗುಟ್ಕಾ ಬಂದ್ ಆದದ್ದು 2013ರ ಮೇ ಕೊನೀಗೆ. ನಡುವಿನ ಹತ್ತು ತಿಂಗಳು ಏನಾಯ್ತು ನೀವೇ ನೋಡೀರಿ. ಹಳ್ಳದ ಆಚಿ ದಂಡಿಗೆ ಅದೇ ಪುಡಿ ವ್ಯಾಪಾರ, ಈಚಿ ದಂಡಿಗೆ ಗುನ್ಹೆ. ಪುಡಿಗೆ ಗೊತ್ತಿತ್ತೇನು ತಾನು ಯಾವ ರಾಜ್ಯದಾಗ ಇದ್ದೀನಿ ಅಂತ?

"ಈಗ ಮತ್ತ ನೋಡ್ರಿ. 2025ರಾಗ ಕರ್ನಾಟಕದವರು ತಂಬಾಕ ಮಾರೂ ವಯಸ್ಸು 21ಕ್ಕ ಏರಿಸ್ಯಾರ. ನಮ್ಮ ಕಡಿ 18. ಹತ್ತೊಂಬತ್ತು ವರ್ಷದ ಹುಡುಗ ಉಮರ್ಗಾದಾಗ ದೊಡ್ಡವ, ಬಸವಕಲ್ಯಾಣದಾಗ ಸಣ್ಣವ. ನಾ ಬೀಡಿ ಮಾರಬಹುದು, ಸಿಗರೇಟ ಮಾರಬಹುದು, ಬರೇ ತಂಬಾಕ-ಸುಣ್ಣ ಮಾರಬಹುದು. ಗುಟ್ಕಾ ಮಾರಬಾರದು. ಬೀಡಿ ಸೇದಿದವ ಸಾಯಂಗಿಲ್ಲೇನು?

"ಮತ್ತ ಯಾರನ್ನ ಹಿಡೀತಾರ? ಕಾರಖಾನಿ ಎಲ್ಲಿ ಅದ ನಾ ಕಂಡಿಲ್ಲ, ಅದು ಬಂದ್ ಆಗಿದ್ದೂ ಕೇಳಿಲ್ಲ. ಟೆಂಪೋ ತುಂಬ ಮಾಲು ಬರ್ತದ. ಟೆಂಪೋದವನ್ನ ಒಂದಿನ ಹಿಡದ್ರ ನನ್ನಂಥವನ್ನ ಹತ್ತು ಸಲ ಹಿಡೀತಾರ. ಯಾಕಂದ್ರ ನಾ ಓಡಿ ಹೋಗಂಗಿಲ್ಲ, ನನ್ನ ಟಪರಿ ಇಲ್ಲೇ ಇರ್ತದ. ದಂಡದ ಪಾವತಿ ಕೊಡೂದಿಲ್ಲ, ಹಫ್ತಾ ಕೇಳತಾರ. ಕಾಯ್ದೆ ಬರೂಕಿಂತ ಮೊದಲು ನಾ ಬರೇ ಪಾನ ಮಾರಾವ ಇದ್ದೆ. ಕಾಯ್ದೆ ಬಂದ ಮ್ಯಾಲ ಕಳ್ಳ ಆದೆ. ಮೂರು ಎಕರೆ ಖುಷ್ಕಿ ಹೊಲ, ಸೋಯಾಬೀನ ಬಂದ್ರ ಬಂತು ಇಲ್ಲಂದ್ರ ಇಲ್ಲ. ಈ ಟಪರಿ ಇಲ್ಲಂದ್ರ ಪೋರಿ ಕಾಲೇಜ ಬಿಡಬೇಕಾಗ್ತದ. ನೀವೇ ಹೇಳ್ರಿ ಮಾಮಾ, ಪಾಪ ಯಾರದು?"

ಯಾವ ಖಾತೆಯವರು, ಯಾವ ಸಾಹೇಬರು ಅಂತ ನಾ ಕೇಳಲಿಲ್ಲ, ಅವ ಹೇಳಲಿಲ್ಲ. ಅವನ ಮಾತು ಪೂರಾ ಕೇಳಿಕೊಂಡು ಮನೀಗೆ ಬಂದೆ. ಒಂದು ವಾರ ತಲಿಯಾಗ ಅದೇ ತಿರುಗಿತು. ಅವ ಕೇಳಿದ್ದರಾಗ ಸುಳ್ಳು ಎಷ್ಟದ ಅಂತ ಹುಡುಕಿದೆ. ಹುಡುಕಿದಷ್ಟೂ ಖರೇನೇ ಸಿಕ್ಕಿತು.

ಸರಕಾರಕ್ಕ ತಂಬಾಕದ ಜೋಡಿ ಎರಡು ಮಾರಿ ಅವ. ಒಂದು ಮಾರಿ ಡಬ್ಬಿಯ ಮ್ಯಾಲ ಕ್ಯಾನ್ಸರಿನ ಚಿತ್ರ ಹಾಕಸತದ. 2016ರಿಂದ ಆ ಚಿತ್ರ ಮತ್ತು ಎಚ್ಚರಿಕೆ ಪಾಕೀಟಿನ 85 ಟಕ್ಕೆ ಜಾಗಾ ತುಂಬಿರಬೇಕು. ಇನ್ನೊಂದು ಮಾರಿ ತಂಬಾಕ ಬೆಳೆಸತದ. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ ಇವತ್ತಿಗೂ ಅದ. ಮೈಸೂರ ಕಡಿ ಹುಣಸೂರು, ಪಿರಿಯಾಪಟ್ಟಣದಾಗ ರೈತರ ಸಿಗರೇಟ ತಂಬಾಕ ಅದರ ಕಟ್ಟೆಯ ಮ್ಯಾಲೇ ಹರಾಜ ಆಗ್ತದ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ 28 ಟಕ್ಕೆ ತೆರಿಗಿ, ಅದರ ಮ್ಯಾಲ ಸೆಸ್ ಹಾಕಿದರು. ಹಂಗ ಬಂದ ರೊಕ್ಕದಾಗ ಸಾಲಿ, ರಸ್ತೆ, ದವಾಖಾನಿ ನಡೀತಾವ.

ಇದು ಬರೇ ಸರಕಾರದ ಕಪಟ ಅಂತ ಬೈದು ಬಿಡಲಾಕೂ ಬರೂದಿಲ್ಲ. ನಿಪ್ಪಾಣಿಯ ಬೀಡಿ ತಂಬಾಕ ಬೆಳೆಯುವ ರೈತರು 1981ರಲ್ಲಿ ನ್ಯಾಯದ ಧಾರಣಿ ಕೇಳಿ ರಸ್ತೆಗೆ ಇಳಿದಾಗ ಗೋಲಿಬಾರ ಆಯಿತು, ರೈತರು ಸತ್ತರು. ಶೇತಕರಿ ಸಂಘಟನೆಯ ಶರದ್ ಜೋಶಿಯವರು ಆ ಚಳವಳಿಯ ಮುಂದಾಳು. ಹೊಲ ಮಾಡುವ ನಾನು ಆ ಸತ್ತವರನ್ನ ವಿಷ ಬೆಳೆದವರು ಅಂತ ಅನ್ನಲಾರೆ. ನಮ್ಮ ಸೋಲಾಪುರದಾಗ ಸಾವಿರಾರು ಹೆಣ್ಣುಮಕ್ಕಳು ಬೀಡಿ ಕಟ್ಟಿ ಮಕ್ಕಳನ್ನ ದೊಡ್ಡವರನ್ನ ಮಾಡ್ಯಾರ. ಸೋಲಾಪುರದ ಹತ್ರ ಕುಂಭಾರಿಯಲ್ಲಿ ಅಂಥ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗಾಗಿ ಹತ್ತು ಸಾವಿರ ಮನಿಗಳ ಗೋದುತಾಯಿ ಪರುಳೇಕರ್ ವಸಾಹತು ಎದ್ದು ನಿಂತದ. ಆ ಮನಿಗಳ ಗೋಡಿ ಬೀಡಿಯ ರೊಕ್ಕದ್ದು ಅಂತ ಯಾರು ಅವರನ್ನ ಹೊರಗ ಹಾಕಬೇಕು? ಬೆಳೆದವರು, ಕಟ್ಟಿದವರು, ಸಾಗಿಸಿದವರು, ಮಾರಿದವರು, ತೆರಿಗಿ ತಿಂದವರು, ಅಷ್ಟೂ ಮಂದಿ ಒಂದೇ ಹಗ್ಗ ಹಿಡದು ಎಳದಾರ. ಕಾಯ್ದೆ ಬಂದು ಹಗ್ಗದ ತುದಿಗೆ ನಿಂತ ಒಬ್ಬನ ಕೈ ಹಿಡೀತದ. ಅಳಿಯ "ನಾ ಒಬ್ಬನೇ ಏನು?" ಅಂತ ಕೇಳಿದ್ದು ನ್ಯಾಯದ ಪ್ರಶ್ನೆ.

ಅವನ ದೂರು ಖರೆ. ಆದರ ದೂರು ಖರೆ ಆದ ಮಾತ್ರಕ್ಕ ಕೈ ಶುದ್ಧ ಆಗ್ತದೇನು? ಇಲ್ಲಿ ನನ್ನ ಮನಿಯ ಮಾತು ಹೇಳಬೇಕಾಗಿದೆ. ಹೇಳೂದೋ ಬ್ಯಾಡೋ ಅಂತ ಬಹಳ ದಿನ ಮಾಡಿದೆ. ಮಗನನ್ನೇ ಕೇಳಿದೆ. "ಬರಿ ಅಪ್ಪಾ, ಊರಾಗ ಎಲ್ಲಾರಿಗೂ ಗೊತ್ತೇ ಅದ" ಅಂದ.

ನನ್ನ ಮಗನ ದನಿ ನನಗಿಂತ ಚಲೋ ಇತ್ತು. ಹತ್ತು ವರ್ಷದವ ಇದ್ದಾಗಲೇ ನನ್ನ ಹಿಂದ ಪದ ಎತ್ತಿಕೊಂಡು ಹಾಡುವವ. ಎತ್ತರದ ಸ್ವರಕ್ಕ ನನ್ನ ದನಿ ಒಡೆದಲ್ಲಿ ಅವ ಹಿಡದು ನಿಲ್ಲಿಸುವವ. ಆಗ ನನಗೆ ಗುಟ್ಕಾದ ಚಟ. ರಾತ್ರಿ ಪೂರಾ ಭಜನಿ, ಬಾಯಾಗ ಒಂದು ಪುಡಿ ಇರಬೇಕು. ರೂಪಾಯಿಗೆ ಒಂದು ಪುಡಿ ಸಿಗುವ ಕಾಲ. ಪುಡಿಗಳ ಮಾಲಿ ಬಾಗಿಲಿಗೆ ತೋರಣ ಕಟ್ಟಿದಂಗ ಅಂಗಡಿಗೆ ಇಳಿಬಿಟ್ಟಿರುತ್ತಿದ್ದರು. "ಹೋಗಪಾ, ಎರಡು ಪುಡಿ ತಾ, ಉಳದ ಚಿಲ್ಲರ್ಯಾಗ ಪೆಪ್ಪರಮಿಂಟ ತೊಗೊ" ಅಂತ ಮಗನಿಗೆ ನಾನೇ ರೊಕ್ಕ ಕೊಟ್ಟು ಕಳಸತಿದ್ದೆ. ಒಂದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ. ಮೊದಲು ಪೆಪ್ಪರಮಿಂಟ ತಂದ. ಆಮ್ಯಾಲ ಪೆಪ್ಪರಮಿಂಟಿನ ಬದಲು ಸಿಹಿ ಸುಪಾರಿ ಪುಡಿ. ಆಮ್ಯಾಲ ನಾ ತಿನ್ನೂದೇ ಅವನೂ ತಿಂದ. ನನಗೆ ಗೊತ್ತಾಗಲಿಲ್ಲ ಅಂತ ಬರೆದ್ರ ಸುಳ್ಳಾಗ್ತದ. ಗೊತ್ತಾಗಿತ್ತು. ದೊಡ್ಡವ ಆದ, ತಿಂತಾನ ಅಂತ ಬಿಟ್ಟೆ.

2019ರಲ್ಲಿ ಅವನ ಬಾಯಿ ಉರೀಲಾಕತ್ತಿತು. ಖಾರದ ಪಲ್ಯ ಉಣ್ಣಲಾಕ ಬರ್ತಿರಲಿಲ್ಲ. ಜೋಳದ ರೊಟ್ಟಿ ಮಡಚಿ ಬಾಯಿಗೆ ಇಡಲಾಕ ಬರ್ತಿರಲಿಲ್ಲ. ಸೋಲಾಪುರದ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರ ಬಾಯಿ, "ಮೂರು ಬೆರಳು ಒಂದರ ಮ್ಯಾಲ ಒಂದು ನಿಲ್ಲಿಸಿ ಬಾಯಾಗ ಹಾಕು" ಅಂದರು. ಆರಾಮ ಇದ್ದವರ ಬಾಯಾಗ ಅವರವರ ಮೂರು ಬೆರಳು ಹೋಗತಾವ. ಅವನ ಬಾಯಾಗ ಒಂದೂವರಿ ಹೋದವು. ಒಳಗಿನ ಚರ್ಮ ಬಿರುಸಾಗಿ ನಾರು ನಾರು ಆಗ್ಯಾದ, ಮತ್ತ ಮೊದಲಿನಂಗ ಆಗೂದು ಕಷ್ಟ, ಇದು ಕ್ಯಾನ್ಸರ ಅಲ್ಲ, ಆದರ ಕ್ಯಾನ್ಸರಿನ ಕಡಿ ಹೋಗುವ ದಾರಿ ಅಂತ ತಿಳಿಸಿದರು. ಬರೇ ತಂಬಾಕ ಅಲ್ಲ, ಅಡಕಿಯಿಂದಲೂ ಇದು ಬರ್ತದಂತ. ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ ಸಂಶೋಧನಾ ವಿಭಾಗದವರು 2004ರಲ್ಲೇ ಅಡಕಿಯನ್ನೂ ಕ್ಯಾನ್ಸರ ತರುವ ಪದಾರ್ಥಗಳ ಯಾದಿಗೆ ಹಾಕ್ಯಾರ ಅಂತ ಆಮ್ಯಾಲ ಮಾಸ್ತರರಿಂದ ತಿಳೀತು. ಮದುವಿಯಾಗ, ಸೋಬಾನದಾಗ ಎಲಿ-ಅಡಕಿ ಕೈಗೆ ಕೊಟ್ಟು ಮರ್ಯಾದಿ ಮಾಡುವ ಮಂದಿ ನಾವು. ಅದನ್ನ ಕೇಳಿ ಸುಮ್ಮನೆ ಕೂತೆ.

ಅವತ್ತು ಉಮರ್ಗಾದ ಬಸ್ಸಿನಾಗ ಬರುವಾಗ ನನಗೆ ಸಿಟ್ಟು ಬಂದಿತ್ತು. ಯಾರ ಮ್ಯಾಲ? ಆಗಿನ ಅಂಗಡಿಯವನ ಮ್ಯಾಲ. ಸಣ್ಣ ಪೋರನ ಕೈಯಾಗ ಪುಡಿ ಹ್ಯಾಂಗ ಕೊಟ್ಟ ಅವ ಅಂತ. ಅವ ಸತ್ತು ಬಹಳ ವರ್ಷ ಆಗ್ಯಾವ. ಇದ್ದಿದ್ರ ಜಗಳಕ್ಕ ಹೋಗತಿದ್ದೆ. ಹೋಗಿದ್ರ ಅವ ಏನಂತಿದ್ದ? "ನಾ ಕರದಿದ್ನೇನಪಾ ನಿನ್ನ ಮಗನ್ನ? ರೊಕ್ಕ ಕೊಟ್ಟು ಕಳಿಸಿದಾವ ನೀನು" ಅಂತಿದ್ದ. ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಅವನ ದೂರೂ ಖರೆ, ನನ್ನ ದೂರೂ ಖರೆ. ನಡುವ ಹುಡುಗನ ಬಾಯಿ ಮುಚ್ಚಿತು.

ಅದಕ್ಕ ಆ ದಿನ ವಾಚನಾಲಯದಾಗ ಎಲ್ಲಾರೂ ನಕ್ಕಾಗ ನಾ ನಗಲಿಲ್ಲ. ಸರಕಾರ ಕಾರಖಾನಿಯ ಕಡಿ ಬೊಟ್ಟು ಮಾಡತದ, ಕಾರಖಾನಿ ಅಂಗಡಿಯ ಕಡಿ, ಅಂಗಡಿ ಗಿರಾಕಿಯ ಕಡಿ, ಗಿರಾಕಿ ತಿರುಗಿ ಸರಕಾರದ ಕಡಿ. ಬೊಟ್ಟು ಮಾಡಿದ ಕಡಿ ಎಲ್ಲಾ ತಪ್ಪು ಇದ್ದದ್ದೇ. ಪಾಪ ಹಂಚಿದ್ರ ಕಡಿಮಿ ಆಗ್ತದ ಅಂತ ನಾವು ತಿಳದೀವಿ. ಹತ್ತು ಮಂದಿ ಹೊತ್ತ ಹೆಣ ಒಬ್ಬೊಬ್ಬರಿಗೆ ಹಗುರ ಆಗ್ತದ ಖರೆ, ಆದರ ಹೆಣ ಏನು ಎದ್ದು ಕೂಡೂದಿಲ್ಲ.

ಇಷ್ಟು ಬರೆದು ಅಳಿಯನಿಗೆ ಬುದ್ಧಿ ಹೇಳಿ ಮುಗಿಸಬಹುದಿತ್ತು. ಆದರ ಅವ ನನಗೂ ಒಂದು ಮಾತು ಕೇಳಿದ. ನಾನು ಮತ್ತ ಟಪರಿಗೆ ಹೋಗಿ ಒಂದು ಪ್ರಶ್ನೆ ಹಾಕಿದ್ದೆ: "ನೀ ಗುಟ್ಕಾ ತಿಂತೀಯೇನು?" ಇಲ್ಲ ಅಂದ. "ನಿನ್ನ ಮಗನ್ನ ಟಪರಿಯಾಗ ಕೂಡಸತೀಯೇನು?" "ಇಲ್ಲ ಮಾಮಾ, ಅವರವ್ವ ಕೂಡಸಗೊಡೂದಿಲ್ಲ." "ಮತ್ತ ನಿನ್ನ ಮಗನ ಬಾಯಿಗೆ ಬ್ಯಾಡಾದದ್ದು ಮಂದಿ ಮಗನ ಬಾಯಿಗೆ ಹ್ಯಾಂಗ ಬೇಕಾಯ್ತು?" ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬಾವಿ ದಂಡಿಗೆ ಎರಡು ಸಾಲು ಬದನಿ ಬ್ಯಾರೆ ಹಚ್ಚೀರಲ್ಲ, ಅವು ಯಾರಿಗೆ?" ಅಂದ.

ಓದುವವರಾಗ ತರಕಾರಿ ಮಾಡುವವರು ಇದ್ದರ ನಿಮಗೆ ತಿಳಿದಿರಬೇಕು. ಬಜಾರಕ್ಕ ಹೋಗುವ ಬದನಿಗೆ ವಾರಕ್ಕೊಮ್ಮೆ ಔಷಧ ಹೊಡೀತೀವಿ. ಹೊಡೆದ ಮ್ಯಾಲ ಇಷ್ಟು ದಿನ ಹರೀಬಾರದು ಅಂತ ಡಬ್ಬಿ ಮ್ಯಾಲ ಬರೆದಿರ್ತದ. ಸಂತಿ ದಿನ ಬಂದ್ರ ನಿನ್ನೆ ಹೊಡೆದದ್ದನ್ನ ಇವತ್ತು ಹರಿದು ಬುಟ್ಟಿ ತುಂಬತೀವಿ. ಮನೀಗೆ ಮಾತ್ರ ಔಷಧ ಮುಟ್ಟಿಸದ ಎರಡು ಸಾಲು. ನಾನೂ ಹಂಗೇ ಮಾಡಿಕೊಂಡು ಬಂದೀನಿ. ಕೇಳಿದ್ರ ನನ್ನ ಹತ್ರಾನೂ ಉತ್ತರ ಇತ್ತು: ಹುಳ ಬಿದ್ದ ಕಾಯಿ ಯಾರೂ ತೊಗೊಳಂಗಿಲ್ಲ, ಔಷಧ ಮಾರಲಾಕ ಸರಕಾರವೇ ಪರವಾನಗಿ ಕೊಟ್ಟದ, ಎಲ್ಲಾರೂ ಹಂಗೇ ಮಾಡತಾರ, ನಾ ಒಬ್ಬನೇ ಏನು? ಅಳಿಯನ ಮಾತೇ ನನ್ನ ಬಾಯಾಗ ಬಂದಿತ್ತು. ಒಂದು ಅಕ್ಷರ ಫರಕ ಇರಲಿಲ್ಲ.

ನಮ್ಮ ಕಡಿ ಕಾಯಕದ ಮಾತು ಬಹಳ ಆಡತೀವಿ. ಕಲ್ಯಾಣ ನಮಗೇನು ದೂರ ಅಲ್ಲ. ದುಡಿದು ಉಂಡ್ರ ಸಾಕು, ಅದೇ ಕಾಯಕ ಅಂತ ನಾನೂ ತಿಳಿದಿದ್ದೆ. ಆದರ ಆಯ್ದಕ್ಕಿ ಮಾರಯ್ಯನ ಕತಿ ನೆನಪ ಮಾಡಿಕೊಳ್ಳಿರಿ. ಅವ ಕದ್ದು ತಂದಿರಲಿಲ್ಲ, ಬೆವರು ಸುರಿಸಿ ನೆಲದ ಮ್ಯಾಲ ಬಿದ್ದ ಅಕ್ಕಿಯನ್ನೇ ಆಯ್ದು ತಂದಿದ್ದ. ದಿನದ ಅಳತಿಗಿಂತ ಹೆಚ್ಚು ತಂದ ಅಂತ ಹೆಂಡತಿ ಲಕ್ಕಮ್ಮ ಹೆಚ್ಚಿನದ್ದನ್ನ ವಾಪಸ್ ಸುರಿದು ಬಾ ಅಂದಳು. ಬೆವರು ಒಂದೇ ಸಾಕಾಗೂದಿಲ್ಲ, ಮನೀಗೆ ಬಂದದ್ದು ಹ್ಯಾಂಗ ಬಂತು, ಎಷ್ಟು ಬಂತು ಅಂತ ಕೇಳುವವರು ಒಬ್ಬರು ಬೇಕು ಅಂತ ಆ ಕತಿ ಹೇಳತದ. ಅಳಿಯನ ಮನಿಯಾಗ ಮಗನನ್ನ ಟಪರಿಯಾಗ ಕೂಡಸಗೊಡದ ಹೆಣ್ಣುಮಗಳು ಅರ್ಧ ಪ್ರಶ್ನೆ ಆಗಲೇ ಕೇಳ್ಯಾಳ.

ಹಂಗಾದರ ಸರಕಾರದ ಕಾಯ್ದೆ ಬ್ಯಾಡವೇ? ಮನಿಮನಿಯಾಗ ಲಕ್ಕಮ್ಮ ಇದ್ದರ ಸಾಕೇ? ಸಾಕಾಗೂದಿಲ್ಲ. ಕಾಯ್ದೆಯಿಂದ ಏನೂ ಆಗಿಲ್ಲ ಅಂತ ಅಳಿಯ ಅಂತಾನ. ಅದು ಪೂರಾ ಖರೆ ಅಲ್ಲ. ನನ್ನ ಮಗ ಸಣ್ಣವ ಇದ್ದಾಗ ಪುಡಿಯ ತೋರಣ ಅವನ ಕಣ್ಣಿನ ಎದುರಿಗೇ ತೂಗತಿತ್ತು, ಬಣ್ಣ ಬಣ್ಣದ್ದು, ಥಳಥಳ ಅನ್ನುವಂಥದ್ದು. ಇವತ್ತು ಮೊಮ್ಮಗ ಅದೇ ಫಾಟಾದಾಗ ನಿಂತ್ರ ಅವನ ಕಣ್ಣಿಗೆ ಅದು ಬೀಳೂದಿಲ್ಲ. ಮುಚ್ಚಿ ಮಾರತಾರ ಖರೆ, ಆದರ ಮುಚ್ಚಬೇಕಾದ ವಸ್ತು ಅಂತ ಆಯಿತಲ್ಲ, ಅದೂ ಒಂದು ಕೆಲಸವೇ. ದೇಶದಾಗ ದೊಡ್ಡ ಸರ್ವೇ ಎರಡು ಸಲ ಆಗ್ಯಾದ ಅಂತ ಮಾಸ್ತರು ಲೆಕ್ಕ ತೋರಿಸಿದರು. 2009-10ರಲ್ಲಿ ನೂರು ಮಂದಿ ದೊಡ್ಡವರಾಗ ಸುಮಾರು 35 ಮಂದಿ ಯಾವುದಾದರೂ ತಂಬಾಕದ ಚಟದವರು. 2016-17ರಲ್ಲಿ ಅದು 29ರ ಹತ್ರ ಇಳಿದಿತ್ತು. ಸೇದುವವರಿಗಿಂತ ಜಗಿಯುವವರೇ ಹೆಚ್ಚು, ಹೆಚ್ಚುಕಮ್ಮಿ ಎರಡರಷ್ಟು. ಇಳಿದದ್ದು ಕಾಯ್ದೆಯೊಂದರಿಂದಲೇ ಅಂತ ನಾ ಅನ್ನೂದಿಲ್ಲ. ಆದರ ಕಾಯ್ದೆ ದಂಡಕ್ಕ ಹೋಯಿತು ಅಂತಲೂ ಅನ್ನಲಾರೆ.

ಕಾಯ್ದೆಯ ಕೈ ಎಲ್ಲಿಯ ತನಕ ಮುಟ್ಟತದ ಅನ್ನೂದನ್ನ ಒಂದಿನ ಹಗ್ಗ ಹಿಡದು ಅಳೆದು ನೋಡಿದೆವು. 2003ರ ಕೇಂದ್ರದ ಕಾಯ್ದೆ ಪ್ರಕಾರ ಸಾಲಿಯ ಸುತ್ತ ನೂರು ಗಜದ ಒಳಗ ತಂಬಾಕ ಮಾರಬಾರದು. ನೂರು ಗಜ ಅಂದ್ರ 91 ಮೀಟರಿಗಿಂತ ಸ್ವಲ್ಪ ಹೆಚ್ಚು. ಅಳಿಯನ ಟಪರಿ ಸಾಲಿಯ ಹತ್ರ ಅದ ಅಂತ ಮಾಸ್ತರು, ದೂರ ಅದ ಅಂತ ಅವ. ನನ್ನ ಬಾವಿಯ ಹಗ್ಗ ತಂದು ಮೀಟರ ಪಟ್ಟಿಗೆ ಹಿಡದು ಗಂಟು ಹಾಕಿ, ಸಾಲಿಯ ಕಂಪೌಂಡಿನಿಂದ ಎಳಕೊಂಡು ಹೋದೆವು. ಹಿಂದ ಪೋರರ ಹಿಂಡು. ಟಪರಿ ಹಗ್ಗದ ಆಚಿಗೆ ನಾಲ್ಕು ಹೆಜ್ಜಿ ಉಳೀತು. ಅಳಿಯ ಗೆದ್ದ. "ನೋಡ್ರಿ, ಕಾಯ್ದೆ ಪ್ರಕಾರ ನಾ ಸಾಫ ಇದ್ದೀನಿ" ಅಂತ ನಕ್ಕ. ಮಾಸ್ತರು ಹಗ್ಗ ಸುತ್ತಿಕೋತ, "ಈ ಪೋರರು ಇಲ್ಲಿ ತನಕ ಓಡಿ ಬಂದ್ರಲ್ಲಪಾ, ಇನ್ನ ನಾಲ್ಕು ಹೆಜ್ಜಿ ಅವರಿಗೇನು ದೂರ?" ಅಂದರು.

ಆ ನಾಲ್ಕು ಹೆಜ್ಜಿಯೇ ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಅಂತ ನನಗೆ ಅನಸತದ. ಕಾಯ್ದೆ ಎಲ್ಲೋ ಒಂದು ಕಡಿ ಗೆರಿ ಎಳೀಲೇಬೇಕು. ಇ-ಸಿಗರೇಟು ಬಂದ್, ಸಿಗರೇಟು ಚಾಲೂ. ಗುಟ್ಕಾ ಬಂದ್, ಬೀಡಿ ಚಾಲೂ. ಇಲ್ಲಿ 18, ಅಲ್ಲಿ 21. ಎಲ್ಲಿ ಎಳೆದರೂ ಗೆರಿಯ ಬಾಜೂಕ ನಿಂತವನಿಗೆ ಅದು ಅನ್ಯಾಯ ಕಾಣತದ, ಅವ ಕೂಗಿದ್ದೂ ಸುಳ್ಳಲ್ಲ. ಸಣ್ಣವನನ್ನ ಹಿಡದು ದೊಡ್ಡವನನ್ನ ಬಿಡುವ ಕಾಯ್ದೆಯನ್ನ ನಾವು ಗ್ರಾಮಸಭೆಯಲ್ಲಿ, ಎಲ್ಲಿ ಅವಕಾಶ ಸಿಕ್ಕರ ಅಲ್ಲಿ, ಗಟ್ಟಿಯಾಗಿ ಕೇಳಬೇಕು. ಅಳಿಯನ ಪರವಾಗಿ ನಾನೂ ಕೇಳತೀನಿ. ಆದರ ಗೆರಿ ಮುಗಿದ ಮ್ಯಾಲ ಉಳಿಯುವ ನಾಲ್ಕು ಹೆಜ್ಜಿ ಸರಕಾರದ್ದಲ್ಲ. ಅವು ಅಂಗಡಿಯವನವು, ರೊಕ್ಕ ಕೊಟ್ಟು ಕಳಿಸುವ ಅಪ್ಪನವು. ಅಲ್ಲಿ ಯಾವ ಸಾಹೇಬರೂ ಬರೂದಿಲ್ಲ.

ಮಹಾರಾಷ್ಟ್ರದಾಗ ದಾರೂ ಅಂಗಡಿಯ ಬಗ್ಗೆ "ಆಡವಿ ಬಾಟಲಿ" ಅಂತ ಒಂದು ಪದ್ಧತಿ ಅದ ಅಂತ ನಿಮಗೆ ಗೊತ್ತು. ಊರಿನ ಹೆಣ್ಣುಮಕ್ಕಳು ಮತ ಹಾಕತಾರ. ಚೀಟಿಯ ಮ್ಯಾಲ ನಿಂತ ಬಾಟಲಿಯ ಚಿತ್ರ, ಮಲಗಿದ ಬಾಟಲಿಯ ಚಿತ್ರ. ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಹಾಕಿದ್ರ ಅಂಗಡಿ ಬಂದ್. ಅಲ್ಲಿ ಅಂಗಡಿಯವ ಮುಂಬಯಿ ಸರಕಾರಕ್ಕ ಬೈಯಲಾಕ ಬರೂದಿಲ್ಲ, ಎದುರಿಗೆ ನಿಂತವರು ಅವನದೇ ಊರಿನ ಅಕ್ಕ-ತಂಗಿಯರು. ಗುಟ್ಕಾಕ್ಕ ಅಂಥ ಚೀಟಿ ಇಲ್ಲ. ಆದರ ಚೀಟಿ ಇಲ್ಲದೇನೂ ಒಂದು ಕಟ್ಟಳಿ ಮಾಡಿಕೊಳ್ಳಬಹುದು: ನಮ್ಮ ಊರಾಗ ಯಾರೂ ಮಕ್ಕಳ ಕೈಯಾಗ ರೊಕ್ಕ ಕೊಟ್ಟು ಬೀಡಿ, ತಂಬಾಕ, ಸುಪಾರಿ ತರಸೂದಿಲ್ಲ. ಬೇಕಾದವ ತಾನೇ ಎದ್ದು ಹೋಗಿ ತರಬೇಕು. ಇದಕ್ಕ ಪೋಲೀಸರು ಬ್ಯಾಡ, ದಂಡ ಬ್ಯಾಡ, ಎದ್ದು ಹೋಗಲಾಕ ಎರಡು ಕಾಲು ಬೇಕು.

ಈಗ ಏನಾಗ್ಯಾದ ಅಂದ್ರ, ಅಳಿಯ ಟಪರಿ ಮುಚ್ಚಿಲ್ಲ. ಪಾನ ಮಾರತಾನ, ಬೀಡಿ ಮಾರತಾನ. ಮುಚ್ಚಿ ಇಡುತ್ತಿದ್ದ ಪುಡಿ ಬಿಟ್ಟೀನಿ ಅಂತಾನ. ನಾ ಡಬ್ಬಿ ತಗದು ನೋಡಿಲ್ಲ. ಆದರ ಒಂದು ನನ್ನ ಕಣ್ಣಿಲೇ ಕಂಡೀನಿ. ಪೋರರು ಬಂದ್ರ "ನಿಮ್ಮಪ್ಪನ್ನ ಕಳಸು" ಅಂತ ತಿರುಗಿ ಅಟ್ಟತಾನ. ಇದಕ್ಕ ನನ್ನ ಭಜನಿ ಗೆಳೆಯನೊಬ್ಬ ಅವನ ಜೋಡಿ ಜಗಳ ತೆಗೆದ. "ನನ್ನ ಮೊಮ್ಮಗನ್ನ ಖಾಲಿ ಕೈಲೆ ಕಳಸತಿಯೇನು, ನಿನ್ನ ಅಂಗಡಿ ಇರೂದು ಯಾಕ?" ಅಂತ. ಆ ಗೆಳೆಯ ಈಗ ಆಚಿ ಊರಿನ ಟಪರಿಯಿಂದ ತರಸತಾನ. ಅಳಿಯನ ಗಲ್ಲೆ ಕಡಿಮಿ ಆಗ್ಯಾದ. ಅದರ ಬಗ್ಗೆ ನನ್ನ ಹತ್ರ ಪರಿಹಾರ ಇಲ್ಲ. ಚಹಾದ ಸ್ಟೋವ್ ಇಡು, ಮಗ್ಗಲದಾಗ ಭಜಿ ಮಾಡು ಅಂತ ಹೇಳೀನಿ. ಹೇಳೂದು ಸುಲಭ.

ನಾನು ಬಾವಿ ದಂಡಿಯ ಎರಡು ಸಾಲು ಬ್ಯಾರೆ ಹಚ್ಚೂದು ಬಿಟ್ಟೆ. ಮನೀಗೂ ಬಜಾರಕ್ಕೂ ಒಂದೇ ಸಾಲು. ಔಷಧ ಹೊಡೆದ್ರ ಡಬ್ಬಿಯ ಮ್ಯಾಲ ಬರೆದಷ್ಟು ದಿನ ಬಿಟ್ಟು ಹರೀತೀನಿ. ಎರಡು ಸಂತಿ ತಪ್ಪಿದವು. ಒಂದು ಸಂತಿಯಾಗ ಹುಳ ಬಿದ್ದ ಕಾಯಿ ಅಂತ ಬುಟ್ಟಿ ವಾಪಸ್ ಬಂತು. ಮನಿಯವರು ಬೈದರು. ಎಷ್ಟು ದಿನ ನಡೀತದ ನೋಡಬೇಕು.

ಮಗ ಈಗ ಪುಡಿ ಬಿಟ್ಟಾನ. ದಿನಾ ಬಾಯಿ ತೆರೆಯುವ ಕಸರತ್ತು ಮಾಡತಾನ, ಬೆರಳು ಎರಡು ಹೋಗತಾವ. ಭಜನಿಗೆ ಬರ್ತಾನ, ಹಾಡೂದಿಲ್ಲ, ತಾಳ ಹಿಡೀತಾನ. ಎತ್ತರದ ಸ್ವರದಾಗ ನನ್ನ ದನಿ ಒಡದಾಗ ಹಿಡದು ನಿಲ್ಲಿಸುವವರು ಇಲ್ಲ. ಅಲ್ಲಿ ಪದ ತಗ್ಗಿಸಿ ಹಾಡತೀನಿ.

ಈ ಬರಹ ಅಚ್ಚಿಗೆ ಕೊಡುವ ಮೊದಲು ಅಳಿಯನ ಟಪರಿಗೆ ಹೋಗಿ ಓದಿ ತೋರಿಸಿದೆ. ಗಿರಾಕಿ ಬಂದಾಗ ನಿಲ್ಲಿಸಿ, ಹೋದ ಮ್ಯಾಲ ಮತ್ತ ಓದಿದೆ. ಪೂರಾ ಕೇಳಿ ಅವ, "ಮಾಮಾ, ನನ್ನ ತಪ್ಪು ಬರದೀರಿ, ಬರೀರಿ. ಹಫ್ತಾದ ಮಾತು ಮಾತ್ರ ತಗೀಬ್ಯಾಡ್ರಿ" ಅಂದ.

ತಗದಿಲ್ಲ.